ಮಾಸ್ಟರ್ ಇರುವ ತನಕ

ಟೋಕಿಯೊದ ಹಳೆಯ ಬಡಾವಣೆಗಳಲ್ಲಿ ನಡೆಯುವಾಗ ಆಗಾಗ ಒಂದು ಕಾಗದ ಕಣ್ಣಿಗೆ ಬೀಳುತ್ತದೆ. ಮುಚ್ಚಿದ ಬಾಗಿಲ ಗಾಜಿನ ಮೇಲೆ ಅಂಟಿಸಿದ್ದು, ಕೈಬರಹದ್ದು. ಇಷ್ಟು ವರ್ಷ ಬಂದು ಹೋದ ಎಲ್ಲರಿಗೂ ಧನ್ಯವಾದಗಳು, ಈ ತಿಂಗಳ ಕೊನೆಗೆ ಅಂಗಡಿ ನಿಲ್ಲಿಸುತ್ತಿದ್ದೇವೆ ಎಂಬಷ್ಟೇ ಒಕ್ಕಣೆ. ಕಾರಣ ಬರೆದಿದ್ದರೂ ಒಂದೇ ಸಾಲು ಇರುತ್ತದೆ: ಮಾಲೀಕರಿಗೆ ವಯಸ್ಸಾಗಿದೆ. ಜಪಾನಿನಲ್ಲಿ ಕಿಸ್ಸಾತೆನ್ ಎಂದು ಕರೆಯುವ ಹಳೇ ಕಾಲದ ಕಾಫಿ ಅಂಗಡಿಗಳು ಹೀಗೆ ಒಂದೊಂದಾಗಿ ಹೋಗುತ್ತಿವೆ.

ವ್ಯಾಪಾರ ಇಲ್ಲದೆ ಮುಚ್ಚಿದ್ದರೆ ಅರ್ಥ ಮಾಡಿಕೊಳ್ಳಬಹುದಿತ್ತು. ಆದರೆ ಹಾಗೆ ಮುಚ್ಚಿದವುಗಳಲ್ಲಿ ಎಷ್ಟೋ ಅಂಗಡಿಗಳು ಕೊನೆಯ ವಾರದವರೆಗೂ ತುಂಬಿಕೊಂಡೇ ಇದ್ದವು. ಕೆಲವಕ್ಕೆ ಹೊರಗೆ ಕ್ಯೂ ಇತ್ತು. ಹಳೇ ಕಾಲದ ಮೋಹ ಹತ್ತಿಸಿಕೊಂಡ ಕಾಲೇಜು ಹುಡುಗ ಹುಡುಗಿಯರು ಹಸಿರು ಮೆಲನ್ ಸೋಡಾ ಕುಡಿಯಲು ಬರುತ್ತಿದ್ದರು. ನಮ್ಮ ಕಡೆ ಒಂದು ಹೋಟೆಲ್ ಇಷ್ಟು ಚೆನ್ನಾಗಿ ನಡೆಯುತ್ತಿದ್ದರೆ ಮಗ ಗಲ್ಲಾದಲ್ಲಿ ಕೂರುತ್ತಾನೆ. ಮಗ ಬೇಡ ಎಂದರೆ ಹೆಸರಿನ ಸಮೇತ ಬೇರೆಯವರಿಗೆ ವಹಿಸಿಕೊಡುತ್ತಾರೆ. ಇಲ್ಲಿ ಮಾತ್ರ ನಡೆಯುವ ಅಂಗಡಿಯನ್ನು, ಗಿರಾಕಿ ಕೂತಿರುವಾಗಲೇ, ಮುಗಿಯಿತು ಅಂತ ಮುಗಿಸಿಬಿಡುತ್ತಾರೆ. ಯಾಕೆ ಹೀಗೆ ಎಂಬ ಪ್ರಶ್ನೆ ಬಹಳ ದಿನದಿಂದ ನನ್ನ ತಲೆಯಲ್ಲಿ ಕೊರೆಯುತ್ತಿದೆ. ಯೋಚಿಸುತ್ತಾ ಹೋದಂತೆ ಒಂದು ಮಾತು ಗಟ್ಟಿಯಾಗುತ್ತಿದೆ. ಈ ಅಂಗಡಿಗಳಲ್ಲಿ ನಮ್ಮನ್ನು ಸೆಳೆಯುವುದು ಯಾವುದೋ, ಅವುಗಳನ್ನು ಮುಚ್ಚಿಸುತ್ತಿರುವುದೂ ಅದೇ.

ಕೌಂಟರಿನ ಆಚೆ

ನಾನು ಇರುವ ಬಡಾವಣೆಯ ಸ್ಟೇಷನ್ ಹಿಂಭಾಗದಲ್ಲಿ ಅಂಥದ್ದೊಂದು ಅಂಗಡಿ ಇದೆ. ಹೆಸರು ಬೇಡ. ಮಾಲೀಕರಿಗೆ ಎಂಬತ್ತರ ಆಸುಪಾಸು. ಜನ ಜಾಸ್ತಿಯಾದರೆ ಅವರಿಗೆ ಕಷ್ಟ. ಒಳಗೆ ಕಂದು ಮರ, ಕುಳಿತು ಕುಳಿತು ನಯವಾದ ಕೆಂಪು ವೆಲ್ವೆಟ್ ಸೀಟು, ಹಳದಿ ದೀಪ. ಬಾಗಿಲಿಗೆ ಒಂದು ಗಂಟೆ ಕಟ್ಟಿದ್ದಾರೆ. ಕೂತ ತಕ್ಷಣ ನೀರಿನ ಲೋಟ, ಒದ್ದೆ ಮಾಡಿದ ಬಿಸಿ ಕೈಒರೆಸು ಬಟ್ಟೆ. ಅವರ ಹೆಂಡತಿ ಟೇಬಲ್ ನೋಡಿಕೊಳ್ಳುತ್ತಾರೆ, ಅವರು ಕೌಂಟರಿನ ಹಿಂದೆ ನಿಲ್ಲುತ್ತಾರೆ. ದಿನಾ ಬರುವವರು ಅವರನ್ನು ಮಾಸ್ಟರ್ ಎಂದೇ ಕರೆಯುತ್ತಾರೆ. ಇಂಥ ಅಂಗಡಿಗಳಲ್ಲಿ ಕೌಂಟರಿನ ಹಿಂದಿರುವವರನ್ನು ಹಾಗೆ ಕರೆಯುವುದೇ ರೂಢಿ.

ಮಾಸ್ಟರ್ ಕಾಫಿ ಮಾಡುವುದನ್ನು ನೋಡುತ್ತಾ ಕೂರುವುದು ನನಗೆ ಅಭ್ಯಾಸವಾಗಿದೆ. ಅವರು ಬಳಸುವುದು ಬಟ್ಟೆಯ ಫಿಲ್ಟರ್. ಒಂದು ಬದಿಗೆ ನವಿರಾದ ಜುಂಗು ಇರುವ ಫ್ಲಾನೆಲ್ ಬಟ್ಟೆಯನ್ನು ಚೀಲದ ಹಾಗೆ ಹೊಲಿದು, ಹಿಡಿಕೆ ಇರುವ ತಂತಿ ಬಳೆಗೆ ಸಿಕ್ಕಿಸಿರುತ್ತಾರೆ. ಆ ಬಟ್ಟೆ ಒಣಗಬಾರದು. ಒಣಗಿದರೆ ಅದರಲ್ಲಿ ಉಳಿದ ಕಾಫಿ ಎಣ್ಣೆ ಕಮಟು ಹಿಡಿದು ಮುಂದಿನ ಕಪ್ ಕೆಡುತ್ತದೆ. ಹಾಗಾಗಿ ರಾತ್ರಿ ಅದನ್ನು ನೀರಿನಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿ ಇಡುತ್ತಾರೆ. ಬೆಳಿಗ್ಗೆ ತೆಗೆದು, ಹಿಂಡಿ, ಒಣ ಟವೆಲ್‌ನಲ್ಲಿ ಒತ್ತಿ, ಪುಡಿ ಹಾಕುತ್ತಾರೆ. ಪುಡಿ ಸ್ವಲ್ಪ ದಪ್ಪ, ಹುರಿದದ್ದು ಕಪ್ಪಗೆ. ಕುದಿ ನಿಂತು ಆರಿದ ನೀರನ್ನು ಸಣ್ಣ ಮೂತಿಯ ಕೆಟಲ್‌ನಿಂದ ಮೊದಲು ಹನಿ ಹನಿಯಾಗಿ, ಆಮೇಲೆ ಎಳೆಯಾಗಿ ಸುರಿಯುತ್ತಾರೆ. ಪುಡಿ ಉಬ್ಬುತ್ತದೆ. ಉಬ್ಬಿದ್ದು ಇಳಿಯುವ ತನಕ ಕೈ ತಡೆದು ಕಾಯುತ್ತಾರೆ. ಎಷ್ಟೋ ಸಲ ಅವರ ಕೆಟಲ್ ಅಲ್ಲಾಡುವುದಿಲ್ಲ, ಬಟ್ಟೆ ಹಿಡಿದ ಎಡಗೈ ಮಾತ್ರ ನಿಧಾನಕ್ಕೆ ಸುತ್ತುತ್ತಿರುತ್ತದೆ. ಆ ಹೊತ್ತಿನಲ್ಲಿ ಯಾರು ಬಾಗಿಲು ತೆಗೆದರೂ ಅವರು ತಲೆ ಎತ್ತುವುದಿಲ್ಲ. ಬಂದವರೂ ಅದನ್ನು ತಪ್ಪು ತಿಳಿಯುವುದಿಲ್ಲ. ಹೆಂಡತಿ ಬಂದು ಕೂರಿಸುತ್ತಾರೆ.

ಎಲ್ಲ ಕಡೆಯೂ ಬಟ್ಟೆಯೇ ಇರುತ್ತದೆ ಎಂದಲ್ಲ. ಕೆಲವರು ಗಾಜಿನ ಎರಡು ಬುರುಡೆಗಳ ಸೈಫನ್ ಇಟ್ಟಿರುತ್ತಾರೆ, ಕೆಲವರು ಕಾಗದದ ಫಿಲ್ಟರ್. ಕೆಲವು ಕಡೆ ಅಂಗಡಿಗೆ ಹೆಸರು ಬಂದಿರುವುದು ಕಾಫಿಯಿಂದಲೇ ಅಲ್ಲ, ದಪ್ಪ ಟೋಸ್ಟಿನಿಂದ, ಮೊಟ್ಟೆ ಸ್ಯಾಂಡ್‌ವಿಚ್‌ನಿಂದ, ಕ್ಯಾರಮೆಲ್ ಪುಡ್ಡಿಂಗ್‌ನಿಂದ. ಆದರೆ ಎಲ್ಲ ಕಡೆ ಕಾಣುವ ಒಂದು ಸಂಗತಿ ಇದೆ. ಆ ಅಂಗಡಿಯಲ್ಲಿ ಪ್ರತಿಯೊಂದನ್ನೂ ಒಬ್ಬರು ಯೋಚಿಸಿ ತೀರ್ಮಾನಿಸಿದ್ದಾರೆ. ಯಾವ ಸಂಗೀತ, ಎಷ್ಟು ಬೆಳಕು, ಕಪ್ಪಿನ ಅಂಚು ಎಷ್ಟು ತೆಳು, ಗೋಡೆಯ ಮೇಲಿನ ಗಡಿಯಾರ ಎಲ್ಲಿ, ಎಲ್ಲವನ್ನೂ. ಟೋಕಿಯೊದ ಶಿಬುಯಾದಲ್ಲಿರುವ ಹಾತೋ ಎಂಬ ಅಂಗಡಿಯಲ್ಲಿ ಕೌಂಟರಿನ ಹಿಂದಿನ ಗೋಡೆ ತುಂಬ ಬೇರೆ ಬೇರೆ ಕಪ್, ಸಾಸರ್‌ಗಳಿವೆ. ನಿಮ್ಮನ್ನು ನೋಡಿ, ನಿಮಗೆ ಯಾವ ಕಪ್ ಹೊಂದುತ್ತದೆ ಎಂದು ಅವರೇ ಆರಿಸುತ್ತಾರೆ. ನನಗೆ ನೀಲಿ ಹೂವಿನದು ಕೊಟ್ಟಿದ್ದರು. ಯಾಕೆ ಅಂತ ಕೇಳಲಿಲ್ಲ. ಸುಮ್ನೆ ಖುಷಿಯಾಯಿತು.

ಗ್ರಾಹಕ ಹೇಳಿದಂತೆ ಹಾಲು, ಸಿರಪ್, ಸೈಜು ಬದಲಾಯಿಸಿಕೊಡುವುದು ಈಗಿನ ಪದ್ಧತಿ. ಇಲ್ಲಿ ನಡೆಯುವುದು ಅದಕ್ಕೆ ಪೂರಾ ಉಲ್ಟಾ. ಕ್ಯೋಟೋದ ಇನೋಡಾ ಕಾಫಿಯ ಹಳೆಯ ಕ್ರಮದಲ್ಲಿ ಹಾಲು ಸಕ್ಕರೆ ಎರಡನ್ನೂ ಮೊದಲೇ ಬೆರೆಸಿ ತಂದಿಡುತ್ತಾರೆ. ಜನ ಮಾತಿನಲ್ಲಿ ಮುಳುಗಿ ಕಾಫಿ ಆರಲು ಬಿಡುತ್ತಾರೆ, ಆರಿದ ಮೇಲೆ ಹಾಕಿದರೆ ಸಕ್ಕರೆ ಕರಗುವುದಿಲ್ಲ, ಹಾಗಾಗಿ ಇದು ಶುರುವಾಯಿತು ಎನ್ನುತ್ತಾರೆ. ಇದನ್ನು ಕೇಳಿದಾಗ ನನಗೆ ಹಠ ಅನ್ನಿಸಲಿಲ್ಲ, ಕಾಳಜಿ ಅನ್ನಿಸಿತು. ಬಂದವರು ಹೇಗೆ ಕೂರುತ್ತಾರೆ ಎಂದು ಗಮನಿಸಿದವರಿಗೆ ಮಾತ್ರ ಹೊಳೆಯುವ ಉಪಾಯ ಅದು.

ಶುರುವಿನಲ್ಲೇ ಸೋತದ್ದು

ಇದರ ಚರಿತ್ರೆ ಸೋಲಿನಿಂದ ಶುರುವಾಗುತ್ತದೆ. 1888ರ ಏಪ್ರಿಲ್‌ನಲ್ಲಿ ತೇಯ್ ಎಯ್‌ಕೆಯ್ ಎಂಬವರು ಟೋಕಿಯೊದ ಉಎನೋ ಹತ್ತಿರ ಕಾಹೀಸಾಕಾನ್ ಎಂಬ ಕಾಫಿ ಅಂಗಡಿ ತೆರೆದರು. ಅವರು ಅಮೆರಿಕಕ್ಕೆ ಹೋಗಿ ಓದಿ ಬಂದವರು. ದಿನಪತ್ರಿಕೆ, ಪುಸ್ತಕ, ಬಿಲಿಯರ್ಡ್ಸ್ ಮೇಜು, ಪತ್ರ ಬರೆಯಲು ಜಾಗ, ಎಲ್ಲ ಇಟ್ಟಿದ್ದರು. ಕಾಫಿಗೆ ಒಂದೂವರೆ ಸೆನ್, ಹಾಲು ಹಾಕಿದರೆ ಎರಡು ಸೆನ್ (ನೂರು ಸೆನ್‌ಗೆ ಒಂದು ಯೆನ್). ಒಂದು ಬಟ್ಟಲು ಸೋಬಾ ಶ್ಯಾವಿಗೆಯೇ ಅದಕ್ಕಿಂತ ಅಗ್ಗಕ್ಕೆ ಸಿಗುತ್ತಿದ್ದ ಕಾಲ ಅದು. ಒಂದೇ ಕಪ್ ತೆಗೆದುಕೊಂಡು ಓದುತ್ತಾ ಕೂರುವವರಿಂದ ಅಂಗಡಿ ನಡೆಯುತ್ತದೆಯೇ? ನಾಲ್ಕೈದು ವರ್ಷದಲ್ಲೇ ಮುಚ್ಚಿತು. ತೇಯ್ ಮತ್ತೆ ಅಮೆರಿಕಕ್ಕೆ ಹೋಗಿ 1895ರಲ್ಲಿ ಸಿಯಾಟಲ್‌ನಲ್ಲಿ ತೀರಿಕೊಂಡರು. ಆಗ ಅವರಿಗಿನ್ನೂ ನಲವತ್ತೂ ಆಗಿರಲಿಲ್ಲ. ಕಾಫಿ ಒಂದು ನೆಪ, ಕೂರಲು ಜಾಗ ಮುಖ್ಯ ಎಂಬ ಅವರ ಆಲೋಚನೆ ಮಾತ್ರ ಉಳಿಯಿತು.

ಕಾಫಿಯನ್ನು ಸಾಮಾನ್ಯರ ಕೈಗೆ ತಲುಪಿಸಿದ್ದು ಬ್ರೆಜಿಲ್. 1908ರಲ್ಲಿ ಕಾಸಾತೋ ಮಾರು ಎಂಬ ಹಡಗಿನಲ್ಲಿ 781 ಜಪಾನೀಯರು ಸಾವ್ ಪಾವ್ಲೋದ ಕಾಫಿ ತೋಟಗಳಿಗೆ ಕೂಲಿಗೆ ಹೋದರು. ಅವರನ್ನು ಕಳಿಸುವ ವ್ಯವಸ್ಥೆ ಮಾಡಿದ ಮಿಜುನೋ ರ್‍ಯೋ ಅವರಿಗೆ ಅಲ್ಲಿನ ಸರ್ಕಾರ ಪುಕ್ಕಟೆ ಕಾಫಿ ಬೀಜ ಕೊಟ್ಟಿತು. ಜಪಾನಿನಲ್ಲಿ ತಮ್ಮ ಕಾಫಿಗೆ ರುಚಿ ಹತ್ತಲಿ ಎಂಬುದು ಅದರ ಲೆಕ್ಕ. 1911ರಲ್ಲಿ ಟೋಕಿಯೊದ ಗಿಂಜಾದಲ್ಲಿ ಕಾಫೆ ಪಾವ್ಲಿಸ್ಟಾ ಶುರುವಾಯಿತು, ಕಪ್ಪಿಗೆ 5 ಸೆನ್, ಆ ಹೊತ್ತಿಗೆ ಅದು ಅಗ್ಗವೇ. ಬರಹಗಾರರು, ವಿದ್ಯಾರ್ಥಿಗಳು ಮುಗಿಬಿದ್ದರು. ತೋಟದಲ್ಲಿ ಬೆವರು ಸುರಿಸಿದವರು ಒಂದು ಕಡೆ, ನಗರದಲ್ಲಿ ಕಾಫಿ ಹೀರಿದವರು ಇನ್ನೊಂದು ಕಡೆ. ಮಲೆನಾಡಿನಲ್ಲಿ ಹುಟ್ಟಿದವಳಿಗೆ ಈ ಕತೆ ಬೇರೆ ದೇಶದ್ದು ಅನ್ನಿಸುವುದಿಲ್ಲ.

1920ರ ದಶಕದ ಕಾಫೆಗಳಲ್ಲಿ ಮದ್ಯ, ಪಕ್ಕದಲ್ಲಿ ಕೂತು ಮಾತಾಡಿಸುವ ಹೆಣ್ಣುಮಕ್ಕಳು, ಎಲ್ಲ ಬಂತು. ನಮ್ಮದು ಅಂಥದ್ದಲ್ಲ, ಬರೀ ಕಾಫಿ ಚಹಾದ್ದು ಎಂದು ಹೇಳಿಕೊಳ್ಳಲು ಕೆಲವರು ಜುನ್‌ಕಿಸ್ಸಾ, ಅಂದರೆ ಶುದ್ಧ ಕಿಸ್ಸಾತೆನ್, ಎಂದು ಬೋರ್ಡು ಹಾಕಿದರು. ಯುದ್ಧ ಬಂದು ಕಾಫಿ ಬರುವುದೇ ನಿಂತಿತು. ಸೋಯಾ ಕಾಳು ಹುರಿದು ಕುಡಿದರು. ಬೀಜದ ಆಮದು ಮತ್ತೆ ಶುರುವಾಗಿದ್ದು 1950ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ, 1948ರಲ್ಲಿ, ಸೆಕಿಗುಚಿ ಇಚಿರೋ ಎಂಬವರು ಕಾಫೆ ದ ಲಾಂಬ್ರ್ ತೆರೆದಿದ್ದರು. ಈಗಲೂ ಗಿಂಜಾದ ಗಲ್ಲಿಯಲ್ಲಿದೆ. ಕಾಫಿ ಬಿಟ್ಟು ಬೇರೇನೂ ಇಲ್ಲ ಎಂದು ಬೋರ್ಡಿನಲ್ಲೇ ಬರೆದಿದೆ. ಹಸಿ ಬೀಜವನ್ನು ವರ್ಷಗಟ್ಟಲೆ ಕೂಡಿಟ್ಟು ಹಳತು ಮಾಡಿ ಹುರಿಯುವುದು ಅವರ ವಿಶೇಷ. ನೂರು ದಾಟಿದ ಮೇಲೂ ಹುರಿಯುವ ಕೆಲಸ ಬಿಡಲಿಲ್ಲ. 2018ರಲ್ಲಿ ತೀರಿಕೊಂಡಾಗ ಅವರಿಗೆ 103 ವರ್ಷ.

ಮಾವ ಕೇಳಿದ ಲೆಕ್ಕ

ನನ್ನ ಸೋದರಮಾವ ಸಾಗರದಲ್ಲಿ ಬಹಳ ಕಾಲ ಹೋಟೆಲ್ ನಡೆಸಿದವರು. ಟೋಕಿಯೊಗೆ ಬಂದಿದ್ದಾಗ ಅವರನ್ನು ದೇವಸ್ಥಾನ, ಗೋಪುರ ಎಲ್ಲ ಸುತ್ತಿಸಿ, ಕೊನೆಗೆ ನಮ್ಮ ಸ್ಟೇಷನ್ ಹಿಂದಿನ ಅಂಗಡಿಗೆ ಕರೆದುಕೊಂಡು ಹೋದೆ. ಕೌಂಟರಿನಲ್ಲೇ ಕೂತೆವು. ಮಾವ ಮೊದಲು ನೋಡಿದ್ದು ಮಾಸ್ಟರ್ ಕೈಯಲ್ಲಿದ್ದ ಬಟ್ಟೆಯನ್ನು.

“ಇದು ನಮ್ಮ ಡಿಕಾಕ್ಷನ್ ಚೀಲ ಅಲ್ವೇನೇ?” ಎಂದರು. ಅವರ ಹೋಟೆಲಿನಲ್ಲಿ ಬೆಳಗಿನ ಜಾವ ದೊಡ್ಡ ಪಾತ್ರೆಯ ಬಾಯಿಗೆ ಬಟ್ಟೆ ಚೀಲ ಕಟ್ಟಿ ಡಿಕಾಕ್ಷನ್ ಇಳಿಸುತ್ತಿದ್ದರಂತೆ. ಅಜ್ಜಿ ಮನೆಯಲ್ಲೂ ಕಾಫಿ ಸೋಸುತ್ತಿದ್ದದ್ದು ಬಟ್ಟೆಯಲ್ಲೇ. ಅದು ಚಿಕ್ಕವಳಾಗಿದ್ದಾಗ ನನಗೂ ಗೊತ್ತಿತ್ತು, ಆದರೆ ಇಲ್ಲಿ ಕೂತು ಎಷ್ಟು ಸಲ ನೋಡಿದರೂ ನನಗೆ ಜೋಡಿಸಲು ಹೊಳೆದಿರಲಿಲ್ಲ. ಕಾಫಿ ಬಂತು. ಹಾಲಿಲ್ಲದ್ದು, ಸಕ್ಕರೆ ಇಲ್ಲದ್ದು, ಚಿಕ್ಕ ಕಪ್ಪಿನಲ್ಲಿ. ಮಾವ ಒಂದು ಗುಟುಕು ಕುಡಿದು ಬಾಯಲ್ಲೇ ಇಟ್ಟುಕೊಂಡು ಯೋಚಿಸಿದರು. “ಚಿಕೋರಿ ಇಲ್ದೆ ಇಷ್ಟು ದಪ್ಪ ಹೆಂಗೆ ಬಂತು ಕೇಳು” ಎಂದರು. ಕೇಳಿದೆ. ಮಾಸ್ಟರ್ ಉತ್ತರ ಕೊಡುವ ಮೊದಲು ಮಾವನ ಮುಖವನ್ನೇ ನೋಡಿದರು, ಇವರು ಇದೇ ಕಸುಬಿನವರು ಎಂದು ಗೊತ್ತಾದ ಹಾಗೆ. ಆಮೇಲೆ ವಿವರವಾಗಿ ಹೇಳಿದರು. ನೂರು ಮಿಲಿ ಕಾಫಿಗೆ ಇಪ್ಪತ್ತೈದು ಗ್ರಾಂ ಪುಡಿ. ನೀರು ನಿಧಾನ. ಕಾಗದವಾದರೆ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಟ್ಟೆ ಬಿಡುತ್ತದೆ, ಆ ಎಣ್ಣೆಯೇ ನಾಲಿಗೆಗೆ ದಪ್ಪ ಅನ್ನಿಸುವುದು. ಮಾವ ತಲೆಯಾಡಿಸಿದರು. ಇಬ್ಬರ ನಡುವೆ ಕೂತು ಅನುವಾದ ಮಾಡುತ್ತಾ ನನಗೆ ಹೆಮ್ಮೆ ಆಗುತ್ತಿತ್ತು.

ಅಷ್ಟು ಹೊತ್ತಿಗೆ ಮಾವನ ಕಣ್ಣು ಟೇಬಲ್‌ಗಳ ಕಡೆ ಹೋಗಿತ್ತು. “ಆ ಮೂಲೇಲಿ ಕೂತ ಅಜ್ಜ ನಾವು ಬರೋಕೆ ಮುಂಚೆನೇ ಇದ್ದ. ಇನ್ನೂ ಅದೇ ಕಪ್ ಇಟ್ಕೊಂಡು ಪೇಪರ್ ಓದ್ತಿದಾನೆ. ನಮ್ಮಲ್ಲಾಗಿದ್ರೆ ಆ ಟೇಬಲ್ ಇಷ್ಟೊತ್ತಿಗೆ ನಾಕು ಸಲ ಒರೆಸ್ತಿದ್ವಿ. ಬಾಡಿಗೆ ಎಷ್ಟಂತೆ ಕೇಳೇ.” ಕೇಳುವುದೋ ಬೇಡವೋ ಎಂದು ನಾನು ಅನುಮಾನಿಸಿದೆ. ಕಸುಬಿನವರು ಕಸುಬಿನವರನ್ನು ಕೇಳುತ್ತಿದ್ದಾರೆ ಎಂದುಕೊಂಡು ಕೇಳಿಯೇಬಿಟ್ಟೆ. ಮಾಸ್ಟರ್ ನಕ್ಕು ಬೆರಳನ್ನು ಚಾವಣಿಯ ಕಡೆ ತೋರಿಸಿದರು. ಬಾಡಿಗೆ ಇಲ್ಲ, ಕೆಳಗೆ ಅಂಗಡಿ, ಮೇಲೆ ಮನೆ, ಸಂಬಳಕ್ಕೆ ಆಳೂ ಇಲ್ಲ ಎಂದರು. “ಹಂಗಾರೆ ಸರಿ, ಲೆಕ್ಕ ಕೂತ್ಕೊಳ್ತು” ಎಂದು ಮಾವ ಕಪ್ ಎತ್ತಿಕೊಂಡರು.

ನಾನು ಅಲ್ಲಿಯವರೆಗೆ ಬೆಳಕು, ವೆಲ್ವೆಟ್, ಮೌನ ಎಂದೆಲ್ಲ ಯೋಚಿಸುತ್ತಿದ್ದೆ. ಹೋಟೆಲ್ ನಡೆಸಿದವರಿಗೆ ಒಂದೇ ಭೇಟಿಯಲ್ಲಿ ಬುಡ ಕಂಡಿತು. ಆರುನೂರು ಏಳುನೂರು ಯೆನ್ ಕೊಟ್ಟು ಎರಡು ತಾಸು ಕೂರಬಹುದಾದರೆ ಅದಕ್ಕೆ ಕಾರಣ ಆ ಮನೆ ಅವರದ್ದಾಗಿರುವುದು, ಹೆಂಡತಿ ದುಡಿಯುವುದಕ್ಕೆ ಯಾರೂ ಸಂಬಳ ಕೊಡಬೇಕಾಗಿಲ್ಲದಿರುವುದು. ಆ ಎರಡನೆಯದರ ಬಗ್ಗೆ ನನಗೆ ಕಸಿವಿಸಿ ಇದೆ. ಅಂಗಡಿಯ ಹೊಗಳಿಕೆ ಎಲ್ಲ ಮಾಸ್ಟರ್ ಹೆಸರಿಗೆ ಹೋಗುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಮೊಟ್ಟೆ ಬೇಯಿಸುವವರ, ಕಪ್ ತೊಳೆಯುವವರ, ಯಾವ ಗಿರಾಕಿಗೆ ಮಂಡಿ ನೋವು ಎಂದು ನೆನಪಿಟ್ಟುಕೊಳ್ಳುವವರ ಹೆಸರು ಯಾರೂ ಬರೆಯುವುದಿಲ್ಲ.

ನಮ್ಮ ಮಾಸ್ಟರ್ ಒಂದು ಕಂಪನಿಯ ಕೆಲಸ ಬಿಟ್ಟು ಈ ಕಡೆ ಬಂದವರು. 1970ರ ದಶಕದಲ್ಲಿ ಹಾಗೆ ಮಾಡಿದವರು ಬಹಳ ಜನ. ಸಂಬಳದ ಬದುಕು ಸಾಕು, ಚಿಕ್ಕದಾದರೂ ನನ್ನದೇ ಇರಲಿ ಎಂದು ಹೊರಬಂದವರಿಗೆ ಕಾಫಿ ಅಂಗಡಿ ಸುಲಭದ ದಾರಿಯಾಗಿ ಕಂಡಿತು. ದೊಡ್ಡ ಅಡುಗೆಮನೆ ಬೇಡ, ಹತ್ತು ಕುರ್ಚಿ ಸಾಕು. 1981ರ ಹೊತ್ತಿಗೆ ಜಪಾನಿನಲ್ಲಿ ಕಿಸ್ಸಾತೆನ್‌ಗಳ ಸಂಖ್ಯೆ 1,50,000 ದಾಟಿತ್ತು. ಅದೇ ಶಿಖರ. 2021ಕ್ಕೆ 60,000ದ ಒಳಗೆ ಇಳಿದಿದೆ. ನಡುವೆ ಏನೇನೋ ಆಯಿತು. 1980ರಲ್ಲಿ ಟೋಕಿಯೊದ ಹರಾಜುಕುವಿನಲ್ಲಿ ದೊತೋರು ಎಂಬ ಸರಣಿಯ ಮೊದಲ ಅಂಗಡಿ ಕಪ್ಪಿಗೆ 150 ಯೆನ್‌ನಂತೆ, ಹೆಚ್ಚುಕಡಿಮೆ ಅರ್ಧ ದರಕ್ಕೆ, ನಿಂತು ಕುಡಿಯುವ ಕಾಫಿ ಕೊಟ್ಟಿತು. ಆಮೇಲೆ ಆ ದಶಕದ ಕೊನೆಗೆ ನೆಲದ ಬೆಲೆ ಹುಚ್ಚಾಪಟ್ಟೆ ಏರಿತು. ಕಾಫಿ ಮಾರಿ ಮೂವತ್ತು ವರ್ಷದಲ್ಲಿ ಕಾಣದ ದುಡ್ಡು ಜಾಗ ಮಾರಿದರೆ ಒಂದು ದಿನಕ್ಕೆ ಸಿಗುತ್ತಿತ್ತು. 1996ರಲ್ಲಿ ಸ್ಟಾರ್‌ಬಕ್ಸ್ ಗಿಂಜಾಕ್ಕೆ ಬಂತು. ಆದರೂ ಮನೆ ಸ್ವಂತದ್ದಾಗಿದ್ದ, ಆಸೆ ಕಡಿಮೆ ಇದ್ದ ಅಂಗಡಿಗಳು ತಡೆದುಕೊಂಡವು. ಈಗ ಅವುಗಳ ಸರದಿ. ಮೂವತ್ತರ ವಯಸ್ಸಿನಲ್ಲಿ ಕೆಲಸ ಬಿಟ್ಟು ಬಂದ ಆ ಇಡೀ ತಲೆಮಾರಿಗೆ ಒಟ್ಟಿಗೇ ಎಂಬತ್ತು ಆಗುತ್ತಿದೆ. ಬಾಗಿಲುಗಳ ಮೇಲಿನ ಕಾಗದಗಳೆಲ್ಲ ಒಂದೇ ಕಾಲಕ್ಕೆ ಕಾಣಿಸುತ್ತಿರುವುದು ಹಾಗಾಗಿ.

ಮಾವ ಏಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಿದರು. ಮುಂದೆ ಯಾರು ನಡೆಸ್ತಾರಂತೆ? ಮಾಸ್ಟರ್ ಗಂಭೀರವಾಗಿ ಉತ್ತರಿಸಿದರು. ಮಗನಿಗೆ ಬೇರೆ ಊರಿನಲ್ಲಿ ಕೆಲಸವಿದೆ. ಬಿಡು ಅಂತ ಹೇಳುವುದಿಲ್ಲ, ನಾನು ಬಿಟ್ಟಿದ್ದು ನನ್ನ ಇಷ್ಟಕ್ಕೆ. ಬೇರೆ ಯಾರಾದರೂ ಬಂದು ಇದೇ ಕೌಂಟರಿನಲ್ಲಿ ನಿಂತರೆ ಅವರ ಕಾಫಿ ಬೇರೆ ಆಗುತ್ತದೆ. ಆಗ ನನ್ನ ಬೋರ್ಡು ಯಾಕೆ ಇರಬೇಕು? ಅವರದ್ದು ಹಾಕಿಕೊಳ್ಳಲಿ.

ಒಂಟಿಯಾಗಿ, ಎಲ್ಲರ ನಡುವೆ

ಯಾವುದು ಇಲ್ಲವಾಗುತ್ತಿದೆ ಎಂದು ಹೇಳಬೇಕಾದರೆ ಜನ ಅಲ್ಲಿಗೆ ಯಾಕೆ ಹೋಗುತ್ತಿದ್ದರು ಎಂದು ನೋಡಬೇಕು. ಟೋಕಿಯೊದ ಮನೆಗಳು ಚಿಕ್ಕವು. ಯಾರನ್ನಾದರೂ ಮನೆಗೆ ಕರೆಯುವುದು ಕಷ್ಟ, ಕರೆಯುವ ರೂಢಿಯೂ ಕಡಿಮೆ. ಮದುವೆ ಮಾತುಕತೆ, ವಿಮೆ ಏಜೆಂಟರ ವ್ಯವಹಾರ, ಪ್ರಕಾಶಕರು ಹಸ್ತಪ್ರತಿ ಪಡೆಯುವುದು, ಜೋಡಿಗಳು ಸೇರುವುದು, ಬೇರೆಯಾಗುವುದು, ಎಲ್ಲ ಇಲ್ಲೇ ನಡೆಯಿತು. ಯುದ್ಧ ಕಾಲದ ನಂತರ ಗ್ರಾಮಫೋನು, ಹೊರದೇಶದ ರೆಕಾರ್ಡು ಕೊಳ್ಳುವುದು ಯಾರಿಗೂ ಆಗದ ಮಾತು. ಒಂದು ಕಾಫಿ ದುಡ್ಡಿಗೆ ಅದನ್ನು ಕೇಳಿಸುವ ಅಂಗಡಿಗಳು ಬಂದವು. ಯೊಕೊಹಾಮಾದ ಚಿಗುಸಾ 1933ರಷ್ಟು ಹಿಂದೆಯೇ ಜಾಝ್ ರೆಕಾರ್ಡು ಹಾಕುತ್ತಿತ್ತು.

ಶಿಬುಯಾದ ಲಯನ್ 1926ರದ್ದು. ಯುದ್ಧದಲ್ಲಿ ಸುಟ್ಟುಹೋಗಿ 1950ರಲ್ಲಿ ಮತ್ತೆ ಎದ್ದಿತು. ಅಲ್ಲಿ ಎಲ್ಲ ಸೀಟುಗಳೂ ಒಂದೇ ದಿಕ್ಕಿಗೆ, ಎರಡು ಅಂತಸ್ತಿನಷ್ಟು ಎತ್ತರದ ಸ್ಪೀಕರುಗಳ ಕಡೆಗೆ, ಮುಖ ಮಾಡಿವೆ. ಮಾತಾಡುವಂತಿಲ್ಲ. ನಾನು ಮೊದಲ ಬಾರಿ ಹೋದಾಗ ಪಿಯಾನೋ ನಡೆಯುತ್ತಿತ್ತು. ಮುಂದಿನ ಸಾಲಿನಲ್ಲಿ ಸೂಟು ಹಾಕಿದ ಒಬ್ಬರು ಕಣ್ಣು ಮುಚ್ಚಿ ಕೂತಿದ್ದರು, ಪಕ್ಕದಲ್ಲಿ ಆಫೀಸ್ ಬ್ಯಾಗು. ಪಶ್ಚಿಮದ ಶಾಸ್ತ್ರೀಯ ಸಂಗೀತ ನನಗೆ ಅಷ್ಟಾಗಿ ತಿಳಿಯದು. ಆದರೂ ಎದ್ದು ಬರಲು ಮನಸ್ಸಾಗಲಿಲ್ಲ. ಯಾರೂ ನನ್ನನ್ನು ನೋಡುತ್ತಿರಲಿಲ್ಲ, ಯಾರೂ ನನ್ನಿಂದ ಏನನ್ನೂ ಕೇಳುತ್ತಿರಲಿಲ್ಲ, ಆದರೆ ಒಬ್ಬಳೇ ಇರಲೂ ಇಲ್ಲ. ಹೆಂಗಸಾಗಿ ಹುಟ್ಟಿದವರಿಗೆ ಹೀಗೆ ಹೊರಗೆ, ಯಾರಿಗೂ ಲೆಕ್ಕ ಕೊಡದೆ, ಸುಮ್ಮನೆ ಕೂರಲು ಸಿಗುವ ಜಾಗಗಳು ಎಷ್ಟಿವೆ ಹೇಳಿ? ಊರಿನಲ್ಲಿದ್ದಾಗ ನನಗೆ ಲೈಬ್ರರಿ ಬಿಟ್ಟರೆ ಬೇರೆ ಇರಲಿಲ್ಲ. ಕಿಸ್ಸಾತೆನ್ ನನ್ನನ್ನು ಹಿಡಿದದ್ದು ಇಲ್ಲಿ. ಉಳಿದದ್ದೆಲ್ಲ ಆಮೇಲೆ.

ಎಲ್ಲವೂ ಚಂದವೇ ಆಗಿತ್ತು ಎಂದು ಹೇಳಲಾರೆ. ಸಿಗರೇಟ್ ಹೊಗೆ ಅಲ್ಲಿನ ಗೋಡೆ, ಪರದೆ, ಪುಸ್ತಕ ಎಲ್ಲಕ್ಕೂ ಅಂಟಿರುತ್ತದೆ. 2020ರ ಏಪ್ರಿಲ್‌ನಲ್ಲಿ ಒಳಗೆ ಸೇದಬಾರದು ಎಂಬ ಕಾನೂನು ಬಂದಾಗ ಹಳಬರು ಗೋಳಾಡಿದರು, ಚಿಕ್ಕ ಹಳೆಯ ಅಂಗಡಿಗಳಿಗೆ ವಿನಾಯಿತಿಯೂ ಸಿಕ್ಕಿತು. ನನಗೆ ಕಾನೂನು ಬಂದದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ. ದಿನವಿಡೀ ಆ ಹೊಗೆಯಲ್ಲಿ ನಿಂತು ಕೆಲಸ ಮಾಡಿದ್ದು ಮಾಸ್ಟರ್ ಹೆಂಡತಿ ಅಲ್ವಾ?

ಕಿಸ್ಸಾತೆನ್ ಎಂದರೆ ಮೌನ ಎಂದುಕೊಂಡವರು ಒಮ್ಮೆ ನಾಗೋಯಾ ಕಡೆ ಹೋಗಬೇಕು. ಪಕ್ಕದ ಇಚಿನೋಮಿಯಾ ಬಟ್ಟೆ ಗಿರಣಿಗಳ ಊರು. 1950ರ ದಶಕದಲ್ಲಿ ಮಗ್ಗ ಒಂದು ಸಲ ಗಾಚಾ ಎಂದರೆ ಹತ್ತು ಸಾವಿರ ಯೆನ್ ಬಂತು ಎನ್ನುವಷ್ಟು ವ್ಯಾಪಾರ. ಮಗ್ಗಗಳ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಗಿರಣಿ ಯಜಮಾನರು ಬಂದ ವ್ಯಾಪಾರಿಗಳನ್ನು ಪಕ್ಕದ ಕಾಫಿ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದರು. ದಿನಾ ಬೆಳಿಗ್ಗೆ ಬರುವ ಗಿರಾಕಿಗಳಿಗೆಂದು ಅಂಗಡಿಯವರು ಕಾಫಿ ಜೊತೆ ಪುಕ್ಕಟೆಯಾಗಿ ಕಡಲೆಬೀಜ, ಬೇಯಿಸಿದ ಮೊಟ್ಟೆ ಇಟ್ಟರು. ಆಮೇಲೆ ಟೋಸ್ಟ್ ಸೇರಿತು. ಈಗ ಇಡೀ ಆ ಸೀಮೆಯಲ್ಲಿ ಬೆಳಿಗ್ಗೆ ಕಾಫಿ ದುಡ್ಡಿಗೇ ತಿಂಡಿ ಬರುತ್ತದೆ, ಅದನ್ನು ಮಾರ್ನಿಂಗ್ ಎಂದೇ ಕರೆಯುತ್ತಾರೆ. ಬೆಣ್ಣೆ ಹಚ್ಚಿದ ಟೋಸ್ಟಿನ ಮೇಲೆ ಸಿಹಿಯಾದ ಅಜುಕಿ ಬೇಳೆಯ ಹೂರಣ ಹರಡಿ ಕೊಡುವ ಒಗುರಾ ಟೋಸ್ಟ್ ನನಗೆ ಬಹಳ ಇಷ್ಟ. ಹೋಳಿಗೆ ತಿಂದು ಬೆಳೆದವರಿಗೆ ಅದನ್ನು ಪರಿಚಯಿಸಿಕೊಡಬೇಕಾಗಿಲ್ಲ. ಅಲ್ಲಿ ಅಂಗಡಿಗಳ ತುಂಬ ಗಲಾಟೆ, ಅಜ್ಜಿಯರ ನಗು. ಗಿರಣಿಗಳು ಎಷ್ಟೋ ಮುಚ್ಚಿವೆ, ಬೆಳಗಿನ ಟೋಸ್ಟ್ ಉಳಿದಿದೆ.

ಉಳಿಸುವುದು ಅಂದರೆ ಯಾವುದನ್ನು?

ಟೋಕಿಯೊದ ಓಮೋತೆಸಾಂದೋದಲ್ಲಿ 1975ರಿಂದ ದಾಯಿಬೋ ಕಾಫಿ ಎಂಬ ಅಂಗಡಿ ಇತ್ತು. ದಾಯಿಬೋ ಕಾತ್ಸುಜಿ ದಿನಾ ಬೆಳಿಗ್ಗೆ ಕೈಯಿಂದ ತಿರುಗಿಸುವ ಡ್ರಮ್ಮಿನಲ್ಲಿ ತಾವೇ ಬೀಜ ಹುರಿಯುತ್ತಿದ್ದರು. 2013ರ ಕೊನೆಗೆ ಕಟ್ಟಡ ಕೆಡವುವ ಹೊತ್ತಿಗೆ ಅಂಗಡಿಯನ್ನೂ ಮುಗಿಸಿದರು. ಅವರ ಹೆಸರು ಆಗಲೇ ದೇಶ ವಿದೇಶದಲ್ಲಿತ್ತು. ಮನಸ್ಸು ಮಾಡಿದ್ದರೆ ಇನ್ನೊಂದು ಕಟ್ಟಡ ಸಿಗುತ್ತಿತ್ತು. ಅಮೆರಿಕದಲ್ಲಿ ಬ್ಲೂ ಬಾಟಲ್ ಎಂಬ ಕಾಫಿ ಅಂಗಡಿಗಳ ಸರಣಿ ಕಟ್ಟಿದ ಜೇಮ್ಸ್ ಫ್ರೀಮನ್ ಜಪಾನಿನ ಹಳೆಯ ಕಿಸ್ಸಾತೆನ್‌ಗಳಿಂದಲೇ ತಮಗೆ ಸ್ಫೂರ್ತಿ ಸಿಕ್ಕಿತು ಎಂದು ಹೇಳಿಕೊಂಡಿದ್ದಾರೆ. 2015ರಲ್ಲಿ ಅವರ ಅಂಗಡಿ ಟೋಕಿಯೊದಲ್ಲೂ ತೆರೆಯಿತು. ಕೆಟಲ್ ಹಿಡಿಯುವ ರೀತಿ, ತೂಕ, ತಾಳ್ಮೆ, ಇವನ್ನು ಕಲಿಸಬಹುದು, ನಕಲು ಮಾಡಬಹುದು, ನೂರು ಕಡೆ ಹರಡಬಹುದು. ದಿನಾ ಬರುವ ಗಿರಾಕಿಯ ಮಂಡಿ ನೋವು ನೆನಪಿಟ್ಟುಕೊಂಡು ಬಾಗಿಲ ಹತ್ತಿರದ ಸೀಟು ಬಿಟ್ಟಿರುವುದನ್ನು ಹರಡುವುದು ಹೇಗೆ? ಎರಡನೆಯದಕ್ಕೆ ಒಂದೇ ಜಾಗದಲ್ಲಿ ಒಬ್ಬರೇ ಮನುಷ್ಯರು ನಲವತ್ತು ವರ್ಷ ನಿಲ್ಲಬೇಕು. ಹಾಗೆ ನಿಂತವರು ಹೋದರೆ ಅದೂ ಹೋಗುತ್ತದೆ. ನನ್ನ ಬೋರ್ಡು ಯಾಕೆ ಇರಬೇಕು ಎಂಬ ನಮ್ಮ ಮಾಸ್ಟರ್ ಮಾತು ಮೊದಲು ಕೇಳಿದಾಗ ನನಗೆ ಸಂಕಟವಾಗಿತ್ತು. ಈಗ ಅದರಲ್ಲಿ ಪ್ರಾಮಾಣಿಕತೆ ಕಾಣುತ್ತದೆ.

ಹಾಗೆಂದು ಎಲ್ಲವೂ ಮುಚ್ಚಲಿ ಎಂದು ಒಪ್ಪಲು ನಾನು ತಯಾರಿಲ್ಲ. ಕ್ಯೋಟೋದಲ್ಲಿ 1950ರ ರೊಕುಯೋಶಾ ಕುಟುಂಬದ ಮೂರನೇ ತಲೆಮಾರಿನ ಕೈಯಲ್ಲಿದೆ. 1934ರ ಫ್ರಾಂಸೊವಾ ಅಂಗಡಿಯ ಕಟ್ಟಡವನ್ನು 2003ರಲ್ಲಿ ದೇಶದ ಸಾಂಸ್ಕೃತಿಕ ಆಸ್ತಿಗಳ ಪಟ್ಟಿಗೆ ಸೇರಿಸಿದರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಟೋಕಿಯೊದ ಯಾನಾಕಾದಲ್ಲಿರುವ ಕಾಯಾಬಾ ಕಾಫಿಯ ದಾರಿ. 1938ರಲ್ಲಿ ಶುರುವಾದದ್ದು, 1916ರ ಮರದ ಮನೆಯಲ್ಲಿ. 2006ರಲ್ಲಿ ನಡೆಸುತ್ತಿದ್ದವರು ತೀರಿಕೊಂಡು ಮುಚ್ಚಿತು. ಹಳೆಯ ಮನೆಗಳನ್ನು ಉಳಿಸುವ ಸ್ಥಳೀಯ ಸಂಸ್ಥೆ ಮತ್ತು ಹತ್ತಿರದ ಒಂದು ಕಲಾ ಗ್ಯಾಲರಿ ಸೇರಿ 2009ರಲ್ಲಿ ಮತ್ತೆ ತೆರೆದರು. ಹಳೆಯ ಬೋರ್ಡು, ಕುರ್ಚಿ ಇಟ್ಟುಕೊಂಡರು. ಮೊಟ್ಟೆ ಸ್ಯಾಂಡ್‌ವಿಚ್ಚನ್ನೂ, ಕಾಫಿಗೆ ಕೋಕೋ ಬೆರೆಸಿದ ರಷಿಯನ್ ಎಂಬ ಪಾನೀಯವನ್ನೂ ಉಳಿಸಿಕೊಂಡರು. ನಡೆಸುವವರು ಮಾತ್ರ ಹೊಸಬರು. ಇದು ಅದೇ ಅಂಗಡಿಯಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಅದೇ ಆಗಬೇಕೆಂದು ಯಾಕೆ ಹಠ? ಮೂಲೆಯ ಮನೆ ಕೆಡವಿ ಅಪಾರ್ಟ್‌ಮೆಂಟ್ ಎದ್ದಿದ್ದರೆ ಇಷ್ಟೂ ಇರುತ್ತಿರಲಿಲ್ಲ. ಮಾಸ್ಟರ್ ಜೊತೆ ಅವರ ಕಾಫಿ ಹೋಗಲಿ, ಅದು ಅವರದ್ದು. ಕೂರುವ ಜಾಗ ಎಲ್ಲರದ್ದು, ಅದಕ್ಕಾಗಿ ಊರಿನವರು ಜಗಳ ಮಾಡಬೇಕು.

ಈ ಕಡೆ ಬರುವವರಿಗೆ ಒಂದೆರಡು ಮಾತು. ಜೇಬಿನಲ್ಲಿ ನಗದು ಇರಲಿ, ಕಾರ್ಡು ತೆಗೆದುಕೊಳ್ಳದ ಅಂಗಡಿಗಳು ಇನ್ನೂ ಇವೆ. ಒಬ್ಬರೋ ಇಬ್ಬರೋ ಹೋಗಿ, ದೊಡ್ಡ ಗುಂಪು ಹಿಡಿಸುವುದಿಲ್ಲ. ಫೋಟೋ ತೆಗೆಯುವ ಮೊದಲು ಕೇಳಿ. ಮೊದಲ ಸಲವಾದರೆ ಬ್ಲೆಂಡ್ ಎಂದಷ್ಟೇ ಹೇಳಿ, ಅದು ಆ ಮನೆಯ ಸ್ವಂತ ಮಿಶ್ರಣ. ಕಪ್ಪು ಕಾಫಿ ಕಹಿ ಅನ್ನಿಸುವವರು ಕಾಫೆ ಓರೆ ಕೇಳಬಹುದು, ಬಿಸಿ ಹಾಲು ಧಾರಾಳವಾಗಿ ಹಾಕುತ್ತಾರೆ. ಸಸ್ಯಾಹಾರಿಗಳು ಕೆಂಪಗಿನ ನಾಪೊಲಿತಾನ್ ಸ್ಪಗೆಟ್ಟಿಗೆ ಆಸೆಪಡಬೇಡಿ, ಅದರಲ್ಲಿ ಹ್ಯಾಮೋ ಸಾಸೇಜೋ ಇದ್ದೇ ಇರುತ್ತದೆ. ಬೆಣ್ಣೆ ಟೋಸ್ಟ್ ಹೇಳಿ. ಎರಡು ಬೆರಳು ದಪ್ಪ ಇರುತ್ತದೆ, ಒಂದು ತಿಂದರೆ ಮಧ್ಯಾಹ್ನದ ತನಕ ಹಸಿವಾಗುವುದಿಲ್ಲ.